ದೇವರ ಕುರಿಗಳಿಗೆ ಬಂದ ನೋಟೀಸು

ನಮ್ಮ ಮನೆಯಲ್ಲಿ ನಾಲ್ಕು ಜನ ಊಟಕ್ಕೆ ಕೂತರೆ ನಾನು ಮೂರೇ ತಟ್ಟೆ ಇಡುತ್ತೇನೆ. ಹೆಂಡತಿ ಪ್ರತಿ ಸಲ ಬೈಯುತ್ತಾಳೆ. "ಜಿಂದಗಿ ತುಂಬ ಗಣಿತ ಕಲಿಸ್ಯಾರ, ನಾಕು ತನಕ ಎಣಸ್ಲಾಕ ಬರಂಗಿಲ್ಲ."

ಬರುತ್ತದೆ. ಉಮರಗಾ, ನಿಲಂಗಾ, ಉದಗೀರ, ಈ ಮೂರೂ ಊರಿನ ಶಾಲೆಗಳಲ್ಲಿ ನನ್ನಷ್ಟು ಬೇಗ ಎಣಿಸುವ ಮಾಸ್ತರ ಇನ್ನೊಬ್ಬ ಇರಲಿಲ್ಲ. ಇದ್ದರೆ ಎದುರಿಗೆ ಬರಲಿ. ಆದರೆ ಉಸಿರಾಡುವ ಯಾವುದನ್ನೇ ಎಣಿಸಬೇಕಾದರೂ ಒಂದನ್ನು ಬಿಟ್ಟು ಎಣಿಸುವುದು ಹೋದ ವರ್ಷದಿಂದ ನನಗೆ ಅಂಟಿಕೊಂಡ ಚಟ. ಅಂಟಿಸಿದವರು ಇಬ್ಬರು: ಆದಾಯ ತೆರಿಗೆ ಇಲಾಖೆ ಮತ್ತು ನನ್ನ ಅಕ್ಕ. ಇಬ್ಬರಲ್ಲಿ ಯಾರು ಹೆಚ್ಚು ಬಿಗಿ ಎಂದು ನೀವು ಕೇಳಿದರೆ, ಇಲಾಖೆಯ ಮೇಲೆ ಅಪೀಲಾದರೂ ಹೋಗಬಹುದು.

ನಮ್ಮದು ಮರಾಠಿ ಸೀಮೆಯೊಳಗಿನ ವಲಾಂಡಿ ಕಡೆಯ ಹಳ್ಳಿಯ ಕುರುಬರ ಮನೆತನ, ಬೀರಪ್ಪನ ಒಕ್ಕಲು. ಅಕ್ಕ ಮಾಯವ್ವ ಎಂಬತ್ತು ದಾಟಿದರೂ ಇವತ್ತಿಗೂ ಕುರಿಹಟ್ಟಿಯ ಬಾಗಿಲಲ್ಲೇ ಕಂಬಳಿ ಹಾಸಿಕೊಳ್ಳುವವಳು. ನಾನು ಪೆನ್ಶನ್ ತೆಗೆದುಕೊಂಡು ಉದಗೀರದಲ್ಲಿ ಕುರ್ಚಿ ಹಾಕಿಕೊಂಡವನು. ಇಡೀ ಒಕ್ಕಲಿನಲ್ಲಿ ಮೊದಲ ಪ್ಯಾನ್ ಕಾರ್ಡ್ ಬಂದದ್ದು ನನಗೆ. ಬಂದ ವಾರವೇ ಅದನ್ನು ಅಂಗಿಯ ಜೇಬಿನಲ್ಲಿ ಫೋಟೊ ಹೊರಗೆ ಕಾಣುವ ಹಾಗೆ ಸಿಕ್ಕಿಸಿಕೊಂಡು ಔರಾದ ಶಹಾಜನಿಯ ಸಂತೆಯನ್ನು ಎರಡು ಸುತ್ತು ತಿರುಗಿದ್ದೆ. ಏನಿದು ಎಂದು ಕೇಳಿದವರಿಗೆಲ್ಲ, ಬಜೆಟ್ ಮಾಡುವ ಮುಂಚೆ ದಿಲ್ಲಿಯವರು ಈ ನಂಬರಿಗೆ ಒಂದು ಮಾತು ಕೇಳುತ್ತಾರೆ ಎಂದು ಹೇಳಿದ್ದೆ. ನಂಬಿದವರೂ ಇದ್ದರು. ಅದೇ ಆಮೇಲೆ ತೊಂದರೆಯಾದದ್ದು.

ನಮ್ಮಲ್ಲಿ ಪ್ರತಿ ಮನೆಯವರು ವರ್ಷಕ್ಕೊಂದು ಮರಿಯನ್ನು ಬೀರಪ್ಪನ ಹೆಸರಿಗೆ ಬಿಡುತ್ತಾರೆ. ಮನೆಯ ಕುರಿಗಳಿಗೆ ಕಿವಿ ಕತ್ತರಿಸಿ ಗುರುತು ಮಾಡುವುದು ವಾಡಿಕೆ. ದೇವರ ಕುರಿಯ ಕಿವಿ ಮುಟ್ಟುವುದಿಲ್ಲ, ತುಂಬು ಕಿವಿಯೇ ಅದರ ಗುರುತು. ಅವುಗಳನ್ನು ಕಾಯುವುದು ಅಕ್ಕನ ಕೆಲಸ. ಒಂದೆರಡು ವರ್ಷದ ಹಿಂದೆ, ಬೀರಪ್ಪನ ಕಟ್ಟೆಯ ಮುಂದಿನ ಹುಲ್ಲುಗಾವಲಿನಲ್ಲಿ ಕುರಿಗಳಿಗೆ ಒಂದು ಬೋರು, ಒಂದು ಉದ್ದನೆಯ ನೀರಿನ ತೊಟ್ಟಿ ಆಗಲಿ ಎಂದು ಹಿರಿಯರೆಲ್ಲ ಕೂಡಿ ದೇವರ ಹಿಂಡನ್ನು ಮಾರಿದರು. ಕೊಂಡವನು ಹೈದರಾಬಾದ ಕಡೆಯ ವ್ಯಾಪಾರಿ. ಟವೆಲಿನ ಕೆಳಗೆ ಕೈಗೆ ಕೈ ಸೇರಿಸಿ, ಬೆರಳು ಒತ್ತಿ ದರ ಮುಗಿಸಿ, ಇಡೀ ಹಿಂಡಿಗೆ ಒಂದೇ ಮೊತ್ತ ಕೊಟ್ಟು, ಲಾರಿ ತುಂಬಿಕೊಂಡು ಹೋದ. ರಸೀದಿ ಎಂಬ ಶಬ್ದ ಯಾರ ಬಾಯಿಂದಲೂ ಬರಲಿಲ್ಲ.

ಜಾಗದ ಕಾಗದ ಮುಗಿಯುವವರೆಗೆ ರೊಕ್ಕ ಎಲ್ಲಿಡುವುದು ಎಂದು ಮಾತು ಬಂತು. ನಾನು ಎದ್ದು ನಿಂತೆ.

"ನನ್ನ ಖಾತಾಕ್ಕ ಹಾಕ್ರಿ," ಎಂದೆ. "ಸರ್ಕಾರಕ್ಕ ನನ್ನ ಗುರ್ತ ಅದ."

ಗುರುತು ಇತ್ತು. ನೋಟೀಸು ಬಂತು.

ಮೊತ್ತ ಎಷ್ಟು ಎಂದು ನಿಮಗೆ ಹೇಳುವುದಿಲ್ಲ. ಹೇಳಿದರೆ ನೀವು ಒಂದು ಕುರಿಯ ದರದಿಂದ ಭಾಗಿಸಿ ನೋಡುತ್ತೀರಿ. ನಾನು ಮಾಸ್ತರ, ಓದುವವರ ಬುದ್ಧಿ ನನಗೆ ಗೊತ್ತು.

ನನ್ನ ತೆರಿಗೆ ಕಾಗದ ನೋಡುವವನು ಬಸವರಾಜ, ನನ್ನ ಹಳೆಯ ವಿದ್ಯಾರ್ಥಿ. ಅವನ ತಂದೆಯದು ಉದಗೀರದಲ್ಲಿ ಧಾನ್ಯದ ಅಂಗಡಿ, ಅದರ ಮೇಲಿನ ಮಹಡಿ ಇವನ ಕಚೇರಿ. ಹಣೆ ತುಂಬ ವಿಭೂತಿ, ಮೇಜಿನ ತುಂಬ ಫೈಲು. ನಾನು ಫೋನಿನಲ್ಲಿ ಬಂದ ನೋಟೀಸು ತೋರಿಸಿದಾಗ ಅವನು ಮೊದಲು ನನ್ನ ಮುಖವನ್ನೇ ನೋಡಿದ.

"ಗುರುಜಿ, ಇದೂ ನಿಮ್ಮದೇ ಚೇಷ್ಟೆ ಏನ್ರಿ?"

"ನನಗ ಇಷ್ಟ ಇಂಗ್ಲಿಷ್ ಬರ್ತಿದ್ರ ನಿನಗ ಗಣಿತ ಯಾಕ ಕಲಸ್ತಿದ್ನೋ?"

ಅವನು ಎರಡು ಸಲ ಓದಿದ. ಎರಡನೆಯ ಸಲ ಅವನ ಮುಖ ಇಳಿಯಿತು. ನನಗೆ ಆಗ ಹೆದರಿಕೆ ಶುರುವಾಯಿತು, ಯಾಕೆಂದರೆ ನಲವತ್ತು ಹುಡುಗರ ಮುಖ ನೋಡಿ ಯಾರು ಲೆಕ್ಕ ಮಾಡಿಲ್ಲ ಎಂದು ಹೇಳುತ್ತಿದ್ದವನು ನಾನು.

"ಇಷ್ಟು ರೊಕ್ಕ ಯಾರ್ದ್ರಿ?"

"ದೇವ್ರದು."

"ದೇವ್ರಿಗಿ ಪ್ಯಾನ್ ಅದ ಏನ್ರಿ?"

"ಒಂದು ಕಲ್ಲಿನ ಕಟ್ಟಿ, ಮ್ಯಾಲ ಬೇವಿನ ಗಿಡ. ಅದಕ್ಕ ಪ್ಯಾನ್ ಯಾಕೋ?"

"ನೋಂದಾಯಿಸಿದ ಟ್ರಸ್ಟ್ ಇದ್ರ ಒಂದ್ ಮಾತಿತ್ತು. ಈಗ ಖಾತಾ ನಿಮ್ದು, ಹೆಸರು ನಿಮ್ದು, ರೊಕ್ಕಾನೂ ನಿಮ್ದೇ ಅಂತಾರ. ಅಲ್ಲ ಅಂತ ನೀವು ಸಾಬೀತು ಮಾಡ್ಬೇಕು. ಮಾಡದಿದ್ರ ಭಾಳ ಪಾಲು ತೆರಿಗಿಗಿ ಹೋಗ್ತದ್ರಿ, ಮ್ಯಾಲ ದಂಡ ಬ್ಯಾರೆ. ತೊಟ್ಟಿಗಿ ಒಂದ್ ಇಟಂಗಿನೂ ಉಳಿಯಂಗಿಲ್ಲ."

"ಏನು ಸಾಬೀತು ಬೇಕು?"

"ಯಾವ ಮನಿದು ಎಷ್ಟ ಕುರಿ, ಒಟ್ಟು ಎಷ್ಟ, ಮನಿಯವ್ರ ಸಹಿ ಇಲ್ಲಾ ಹೆಬ್ಬಟ್ಟಿನ ಅಂಗಠಾ. ಹದಿನೈದು ದಿನ ಕೊಟ್ಟಾರ. ಒಟ್ಟು ಕುರಿ ಎಷ್ಟಿದ್ವು ಗುರುಜಿ?"

ಕೇಳಬಾರದ್ದನ್ನು ಕೇಳಿದ. ಅವನು ಶೆಟ್ಟರ ಮನೆಯ ಹುಡುಗ. ಅವನ ತಂದೆ ಧಾನ್ಯ ಅಳೆಯುವಾಗ ಮೊದಲ ಅಳತೆಗೆ ಒಂದು ಅನ್ನದೆ 'ಲಾಭ' ಅನ್ನುತ್ತಾನೆ, ಆದರೆ ಎರಡರಿಂದ ಮುಂದೆ ಎಣಿಸುತ್ತಾನೆ. ನಾವು ಕುರಿಯನ್ನು ಎಣಿಸುವುದೇ ಇಲ್ಲ. ಎಣಿಸಿದರೆ ಹಿಂಡಿಗೆ ದೃಷ್ಟಿ. ಸಂಜೆ ಹಿಂಡು ಒಳಗೆ ಬರುವಾಗ ಮುಖ ನೋಡುತ್ತೇವೆ, ಯಾವ ಮುಖ ಬಂದಿಲ್ಲ ಎಂದು ತಿಳಿಯುತ್ತದೆ, ಅಷ್ಟೆ. ದೇವರ ಕುರಿಯಂತೂ ಕೇಳುವುದೇ ಬೇಡ.

"ಸಾಹೇಬ್ರ ಹೆಸರೇನು? ನಾ ಹೋಗಿ ಮಾತಾಡ್ತೀನಿ," ಎಂದೆ.

"ಸಾಹೇಬ್ರ ಇಲ್ರಿ ಈಗ. ವಿಚಾರಣಿ ಮಾಡೋರು ಯಾರಂತ ನಮಗ ತಿಳಿಯಂಗಿಲ್ಲ, ನಮ್ಮ ಮಾರಿ ಅವ್ರು ನೋಡಂಗಿಲ್ಲ. ಎಲ್ಲಾ ಕಂಪ್ಯೂಟರ್‌ನಾಗ."

ಇದು ನನಗೆ ದೊಡ್ಡ ಅನ್ಯಾಯ. ನನ್ನ ವಿದ್ಯೆಯೆಲ್ಲ ಮುಖದ ಮೇಲೆ ನಡೆಯುವಂಥದ್ದು. ನಿಲಂಗಾದಲ್ಲಿದ್ದಾಗ ನಮ್ಮ ಹೆಡ್‌ಮಾಸ್ತರರು ಅತ್ತೆಯ ಮನೆಯಲ್ಲಿ ಪುಕ್ಕಟೆ ಇದ್ದುಕೊಂಡು, ತೆರಿಗೆ ಉಳಿಸಲು ಬಾಡಿಗೆ ಕೊಡುತ್ತೇನೆಂದು ಕಾಗದ ತೋರಿಸುತ್ತಿದ್ದರು. ಬಾಡಿಗೆ ತನಿಖೆಗೆ ಸಾಹೇಬರು ಹತ್ತು ಗಂಟೆಗೆ ಬರುತ್ತಾರಂತೆ ಎಂದು ನಾನು ಸುದ್ದಿ ಬಿಟ್ಟೆ. ಹತ್ತಕ್ಕೆ ಹೋಗಿ ನೋಡಿದರೆ ಅತ್ತೆಯನ್ನು ಪಡಸಾಲೆಯ ಕುರ್ಚಿಯಲ್ಲಿ ಕೂರಿಸಿ, ಹೆಡ್‌ಮಾಸ್ತರರು ಮೆಟ್ಟಿಲ ಕೆಳಗೆ ನೋಟು ಹಿಡಿದು ನಿಂತಿದ್ದರು. ಒಂದು ತಾಸು ನಿಂತರು. ಅತ್ತೆ ಕೊನೆಗೆ ನೋಟು ಇಸಿದುಕೊಂಡು ಒಳಗೆ ಹೋದಳು, ಮುಂದಿನ ತಿಂಗಳಿಂದ ಪ್ರತಿ ಒಂದನೇ ತಾರೀಖಿಗೆ ಕುರ್ಚಿ ಹಾಕಿಕೊಂಡು ಕೂತಳು. ಸುಳ್ಳು ಬಾಡಿಗೆಯನ್ನು ಖರೆ ಮಾಡಿಸಿದ ತೆರಿಗೆ ಸುಧಾರಣೆ ಅದು. ಸರ್ಕಾರ ನನಗೆ ಶಾಲು ಹೊದಿಸಬೇಕಿತ್ತು. ಆದರೆ ಮುಖವೇ ಇಲ್ಲದ ಸಾಹೇಬನಿಗೆ ನಾನು ಏನು ಮಾಡಲಿ?

ಮರುದಿನ ಹಳ್ಳಿಗೆ ಹೋದೆ. ಅಕ್ಕ ಹಟ್ಟಿಯ ಬಾಗಿಲಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದಳು. ನೋಟೀಸು, ಹದಿನೈದು ದಿನ, ತೊಟ್ಟಿ, ಎಲ್ಲ ಹೇಳಿದೆ. ಕಡೆಗೆ ಕೇಳಲೇಬೇಕಾದದ್ದನ್ನೂ ಕೇಳಿದೆ. ದೇವರ ಕುರಿ ಎಷ್ಟಿದ್ದವು?

ಅವಳ ಕೈ ನಿಂತಿತು.

"ಎಣಿಸಾಂವ ಬಂದ್ಯಾ ಮತ್ತ?" ಎಂದಳು. ಅಷ್ಟೇ. ಉಣ್ಣೆಯನ್ನು ಬುಟ್ಟಿಗೆ ಹಾಕಿಕೊಂಡು ಎದ್ದು ಒಳಗೆ ಹೋದಳು.

'ಎಣಿಸಾಂವ' ಎಂಬುದು ಅವಳು ನನಗಿಟ್ಟ ಹೆಸರು. ತಂದೆ ಇಟ್ಟದ್ದು ಅಮೋಘಿ ಎಂದು. ಆ ಹೆಸರನ್ನು ಅವಳು ನನ್ನ ಒಂಬತ್ತನೆಯ ವಯಸ್ಸಿನಿಂದ ಬಾಯಲ್ಲಿ ತಂದಿಲ್ಲ.

ಆ ವರ್ಷ ನಾನು ವಲಾಂಡಿಯ ಶಾಲೆಗೆ ಹೊಸದಾಗಿ ಹೋಗುತ್ತಿದ್ದೆ. ಮರಾಠಿಯಲ್ಲಿ ನೂರರ ಮೇಲೂ ಎಣಿಕೆ ಬಂದಿತ್ತು, ಬಂದದ್ದನ್ನು ಊರಿಗೆ ತೋರಿಸಬೇಕಿತ್ತು. ಸಂಜೆ ತಂದೆಯ ಹಿಂಡು ಒಳಗೆ ಬಂದು, ಬಾಗಿಲ ಮುಳ್ಳು ಎಳೆದಾದ ಮೇಲೆ, ನಾನು ಹಟ್ಟಿಯ ಗೋಡೆ ಏರಿ ನಿಂತು ಗಟ್ಟಿ ದನಿಯಲ್ಲಿ ಎಣಿಸತೊಡಗಿದೆ. ಅಕ್ಕ ಬಾಗಿಲಲ್ಲಿ ಕಂಬಳಿ ಹೊದ್ದು ಕೂತಿದ್ದಳು. "ಬ್ಯಾಡೋ, ಬ್ಯಾಡೋ" ಎಂದು ಕಿರುಚುತ್ತ ಎರಡೂ ಕಿವಿ ಮುಚ್ಚಿಕೊಂಡಳು. ಅವಳು ಕಿರುಚಿದಷ್ಟೂ ನನಗೆ ಹುರುಪು. ಎರಡು ಸಲ ಪೂರಾ ಎಣಿಸಿ, ಒಟ್ಟು ಇಷ್ಟು ಎಂದು ಮೂರು ಸಲ ಕೂಗಿ ಕೆಳಗೆ ಹಾರಿದೆ.

ತಿಂಗಳು ತುಂಬುವುದರೊಳಗೆ ಹಿಂಡಿಗೆ ಬೇನೆ ಬಿತ್ತು. ಗಂಟಲು ಊದಿ, ಮೇವು ಬಿಟ್ಟು, ದಿನಕ್ಕೆ ನಾಲ್ಕೈದು ಮಲಗಿದವು. ತಂದೆ ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಆ ಲೆಕ್ಕ ಅಲ್ಲಿಗೆ ಮುಗಿಯುತ್ತಿತ್ತು. ಬೇನೆ ನಿಂತಾಗ ಹಟ್ಟಿಯಲ್ಲಿ ಉಳಿದವುಗಳನ್ನು ನೋಡಿ, "ಇವನಿಗಿ ಕಾಯ್ಲಾಕ ಇನ್ನ ಏನದ, ಸಾಳಿಗೇ ಹೋಗ್ಲಿ" ಎಂದರು. ಹಾಗೆ ನಾನು ಓದಿದೆ, ಮಾಸ್ತರನಾದೆ, ಪಗಾರ ಬಂತು, ಪಗಾರ ಕೈಗೆ ಬರುವ ಮುಂಚೆಯೇ ತೆರಿಗೆ ಹಿಡಿದುಕೊಳ್ಳುವುದೂ ಬಂತು. ಹಿಂಡು ಬದುಕಿದ್ದರೆ ನಾನು ತೆರಿಗೆ ಕಟ್ಟುವವನೇ ಆಗುತ್ತಿರಲಿಲ್ಲ. ಇಷ್ಟು ವರ್ಷ ಊರಲ್ಲಿ ಎಲ್ಲರನ್ನೂ ಕಾಡಿದೆ, ನಗಿಸಿದೆ. ಆದರೆ ಪ್ರತಿ ಸಲ ಪಗಾರದ ಚೀಟಿಯಲ್ಲಿ ಕಡಿತದ ಅಂಕಿ ಕಂಡಾಗ, ಇದು ಆ ಕುರಿಗಳ ದಂಡ ಎಂದು ಒಳಗೊಳಗೆ ಅನ್ನಿಸುತ್ತಿತ್ತು. ಇದನ್ನು ನಾನು ಹೆಂಡತಿಗೂ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ, ಜೋಪಾನ.

ದಿನ ಹೋಗುತ್ತಿದ್ದವು. ವ್ಯಾಪಾರಿಯ ಫೋನು ಎತ್ತುವವರಿಲ್ಲ. ಹಳ್ಳಿಯಲ್ಲಿ ಬೇರೆ ಮಾತು ಎದ್ದಿತ್ತು. ಗುರುಜಿ ದೇವರ ರೊಕ್ಕ ತಿಂದು ಸರ್ಕಾರದ ಹೆಸರು ಹೇಳುತ್ತಿದ್ದಾನೆ, ಅವನ ಹಳೆಯ ಆಟ ಇದು, ಎಂದು. ನಾನು ಆಣೆ ಮಾಡಿದೆ. ನನ್ನ ಆಣೆಯ ಮೇಲೆ ಊರಿನಲ್ಲಿ ಎಷ್ಟು ಸಲ ನಗೆಯಾಗಿದೆ ಎಂದರೆ, ಖರೆ ಆಣೆಗೂ ಇಬ್ಬರು ನಕ್ಕರು.

ಒಂದು ಅಂದಾಜು ಸಂಖ್ಯೆ ಬರೆದುಬಿಡು ಎಂದೆ ಬಸವರಾಜನಿಗೆ.

"ಕೆಳಗ ಸಹಿ ನಿಮ್ದ್ರಿ ಗುರುಜಿ. ಸತ್ಯ ಅಂತ ಬರೆದು ಸಹಿ ಮಾಡ್ಬೇಕು. ಸಾಳ್ಯಾಗ ನನಗ ಒಂದ್ ಸುಳ್ಳು ಲೆಕ್ಕಕ್ಕ ಬೆಂಚ್ ಮ್ಯಾಲ ನಿಲ್ಲಿಸಿದ್ರಿ, ನೆನಪದ ಏನು?"

ನೆನಪಿತ್ತು.

ಅವನ ಕಚೇರಿಯ ಬೆಂಚಿನಲ್ಲಿ ಕೂತು ಆ ದಿನಗಳಲ್ಲಿ ನಾನು ದೇಶದ ತೆರಿಗೆ ಪದ್ಧತಿಯನ್ನು ಪೂರ್ತಿ ಸುಧಾರಿಸಿದೆ. ಬೇರೆ ಕೆಲಸ ಇರಲಿಲ್ಲ. ಫಾರಮಿನಲ್ಲಿ 'ಈ ರೊಕ್ಕ ನಿಜಕ್ಕೂ ಯಾರದು' ಎಂದು ಒಂದು ಖಾನೆ ಇರಬೇಕು, ಅದರಲ್ಲಿ ನಾಲ್ಕು ಸಾಲು ಬರೆಯುವಷ್ಟು ಜಾಗ ಇರಬೇಕು. ಊರಿನ ಒಟ್ಟು ರೊಕ್ಕವನ್ನು ಒಬ್ಬನ ಖಾತೆಗೆ ಹಾಕುವ ಹುಚ್ಚರು ನಾವೊಬ್ಬರೇ ಅಲ್ಲ. ನೋಟೀಸು ನಮ್ಮ ಮಾತಿನಲ್ಲಿ ಬರಬೇಕು, ಬೈಗುಳ ತಿಳಿಯದಿದ್ದರೆ ಹೆದರಿಕೆ ದುಪ್ಪಟ್ಟಾಗುತ್ತದೆ. ಮತ್ತೆ, ಎಲ್ಲಕ್ಕಿಂತ ದೊಡ್ಡದು, ಕುರಿ ಕೂರಿಸುವ ಪದ್ಧತಿ. ನಮ್ಮವರು ಹಿಂಡನ್ನು ರೈತನ ಹೊಲದಲ್ಲಿ ಒಂದು ರಾತ್ರಿ ಕೂರಿಸುತ್ತಾರೆ, ಗೊಬ್ಬರಕ್ಕೆ. ರೈತ ಜೋಳ ಕೊಡುತ್ತಾನೆ. ಯಾಕೆ ಕೊಡುತ್ತಾನೆ? ಯಾವ ಮೂಲೆಯಲ್ಲಿ ಹಿಂಡು ಕೂತಿತ್ತೋ ಅಲ್ಲಿ ಮುಂದಿನ ಬೆಳೆ ಎದೆಮಟ್ಟ ನಿಂತಿರುತ್ತದೆ, ಅವನ ಕಣ್ಣಿಗೆ ಕಾಣುತ್ತದೆ. ನನ್ನ ತೆರಿಗೆ ಇಷ್ಟು ವರ್ಷ ಯಾವ ಹೊಲದಲ್ಲಿ ಕೂತಿತು? ಯಾರಾದರೂ ಒಂದು ಸಲ ಕರೆದುಕೊಂಡು ಹೋಗಿ, ಗುರುಜಿ, ನೋಡಿ, ಈ ಸೇತುವೆಯ ಈ ಗಜ ನಿಮ್ಮದು ಎಂದು ತೋರಿಸಿದ್ದರೆ, ನಾನು ದಿನಾ ಸಂಜೆ ಅದರ ಮೇಲೆ ಕೂತು ಹೋಗಿಬರುವವರನ್ನು ಕಾಡುತ್ತಿದ್ದೆ, ಮುಂದಿನ ವರ್ಷ ನಗುತ್ತ ಕಟ್ಟುತ್ತಿದ್ದೆ.

ಬಸವರಾಜ ಎಲ್ಲ ಕೇಳಿ, "ಛಲೋ ಅದರಿ. ಆದ್ರ ಇನ್ನ ಎರಡೇ ದಿನ ಉಳಿದಾವ," ಎಂದ.

ಕೊನೆಯ ದಿನ ಅವನೇ ಕಂಪ್ಯೂಟರ್ ಹೆಗಲಿಗೆ ಹಾಕಿಕೊಂಡು ನನ್ನ ಜೊತೆ ಹೊರಟ. ಊರಿನವರು ಬೇವಿನ ಕಟ್ಟೆಯ ಸುತ್ತ ಆಗಲೇ ಕೂಡಿದ್ದರು, ಗುರುಜಿಯ ಮರ್ಯಾದೆ ಹೋಗುವುದನ್ನು ನೋಡಲು. ಬೆಳಗಿನ ಬಿಸಿಲು ಏರುತ್ತಿತ್ತು. ಅಕ್ಕ ಕಟ್ಟೆಯ ಕೆಳಗೆ ಕೂತಿದ್ದಳು. ಬಸವರಾಜ ಅವಳ ಎದುರು ನೆಲದ ಮೇಲೆ ಕೂತು ಕೈ ಮುಗಿದ.

"ಅವ್ವಾ, ನಾ ಎಣಸು ಅನ್ನಂಗಿಲ್ಲ. ದೇವ್ರ ಕುರಿ ಯಾರ್ಯಾರ ಮನಿಂದು ಬಂದಿದ್ವು, ಅಷ್ಟ ಹೇಳ್ತೀರೇನು?"

ಅವಳು ನನ್ನನ್ನು ನೋಡಿದಳು, ಅವನನ್ನು ನೋಡಿದಳು.

"ಹೆಸರು ಹೇಳಿದ್ರ ನಿಮ್ಮ ಸರ್ಕಾರಕ್ಕ ಸಾಕೇನು?"

ಅವನು ನನ್ನ ಕಡೆ ತಿರುಗಿದ.

"ಸಾಕವ್ವಾ. ಹೆಸರು ಇದ್ರ ಭಾಳ ಆಯ್ತು."

ಅಕ್ಕ ಕಣ್ಣು ಮುಚ್ಚಿದಳು. "ಮಾಳಪ್ಪನ ಮನಿ ಕರಿಮೂತಿ. ಅದರ ಮರುವರ್ಸ ಬಿಟ್ಟ ಚುಕ್ಕಿ. ಲಕ್ಕವ್ವನ ಮನಿ ಬೋಳಿ, ಆಕಿ ಮಗಳ ಲಗ್ನದ ವರ್ಸದ್ದು. ಸಿದ್ದಪ್ಪನ ಮನಿ ಕುಂಟ, ಬಲಗಾಲು ಎಳೀತಿತ್ತು, ಲಾರಿ ಏರಲ್ಲಂತ ಕೂತಿತ್ತು ನೋಡು, ಅದು."

ಬಸವರಾಜನ ಬೆರಳು ಓಡುತ್ತಿದ್ದವು. ಪರದೆಯ ಎಡಗಡೆ ಸಾಲಿನ ಅಂಕಿಗಳು ತಾವಾಗಿಯೇ ಮೂಡುತ್ತಿದ್ದವು. ಅಕ್ಕನಿಗೆ ಓದು ಬರದಿದ್ದರೂ ನೋಟಿನ ಮೇಲಿನ ಅಂಕಿ ಗೊತ್ತು. ಅದು ಅವನಿಗೆ ಹೊಳೆದಿರಬೇಕು, ಜೇಬಿನಿಂದ ಕರವಸ್ತ್ರ ತೆಗೆದು ಪರದೆಯ ಆ ಅಂಚಿಗೆ ಇಳಿಬಿಟ್ಟ. ನನ್ನ ವಿದ್ಯಾರ್ಥಿ. ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದಕ್ಕೆ ಮನಸ್ಸು ಒಂದು ಕ್ಷಣ ಚುರ್ ಎಂದಿತು.

ಒಂದೊಂದು ಹೆಸರು ಬಂದಾಗಲೂ ಆ ಮನೆಯವರು "ಹೌದು, ನಮ್ದೇ" ಎನ್ನುತ್ತ ಮುಂದೆ ಬಂದು ಕಾಗದಕ್ಕೆ ಅಂಗಠಾ ಒತ್ತಿದರು. ನಾನು ದೇವರ ರೊಕ್ಕ ತಿಂದೆ ಎಂದು ಹೇಳುತ್ತಿದ್ದ ಮಾಳಪ್ಪನೇ ಮೊದಲು ಒತ್ತಿದ, ನನ್ನ ಮುಖ ನೋಡದೆ.

"ನಮ್ಮನಿದು, ಗುರುಜಿ," ಎಂದಳು ಅಕ್ಕ.

"ಏನಕ್ಕಾ?" ಎಂದೆ.

"ನಿನಗಲ್ಲ. ಟಗರಿನ ಹೆಸರು ಅದು. ಹಿಂದಿಂದ ಬಂದು ಗುದ್ದಿ, ಏನೂ ಗೊತ್ತಿಲ್ಲದಂಗ ಮೇಯ್ತಿತ್ತು."

ಆ ಹದಿನೈದು ದಿನದಲ್ಲಿ ಊರು ನಕ್ಕದ್ದು ಅದೊಂದೇ ಸಲ. ಬಸವರಾಜ ಗಂಭೀರವಾಗಿ ಟೈಪ್ ಮಾಡಿದ. ಭಾರತ ಸರ್ಕಾರದ ದಾಖಲೆಯಲ್ಲಿ ಇವತ್ತಿಗೂ ನಾನು ಎರಡು ಕಡೆ ಇದ್ದೇನೆ, ಒಂದು ಕಡೆ ಕೊಂಬಿನೊಂದಿಗೆ.

ಮಧ್ಯಾಹ್ನಕ್ಕೆ ಹೆಸರು ಮುಗಿದವು. ಅವನು ಕರವಸ್ತ್ರದ ಅಂಚು ಎತ್ತಿ ಕಡೆಯ ಸಾಲಿನ ಅಂಕಿಯನ್ನು ತಾನೊಬ್ಬನೇ ನೋಡಿ, ಅದನ್ನು ಫಾರಮಿನಲ್ಲಿ ಒತ್ತಿ, ಮುಚ್ಚಿದ. ಅಂಗಠಾ ಕಾಗದಗಳ ಫೋಟೊ ತೆಗೆದ. ಕಟ್ಟೆಯ ಮೇಲೆ ನಿಂತರೆ ಮಾತ್ರ ನೆಟ್‌ವರ್ಕ್ ಸಿಗುತ್ತಿತ್ತು. ಬೀರಪ್ಪನ ಪಕ್ಕದಲ್ಲೇ ನಿಂತು ಕೈ ಮೇಲೆತ್ತಿ ಕಳಿಸಿದ. ಹೋಯಿತು ಎಂದ. ಜನ ಎದ್ದರು.

ನಾನು ಕೂತೇ ಇದ್ದೆ. ಅಕ್ಕನೂ ಏಳಲಿಲ್ಲ. ಎಲ್ಲ ಹೋದ ಮೇಲೆ ಕೇಳಿದಳು.

"ಅವತ್ತು ಗ್ವಾಡಿ ಮ್ಯಾಲ ನಿಂತು ಎಷ್ಟ ಅಂತ ಒದರಿದ್ದಿ?"

ಆ ಸಂಖ್ಯೆಯನ್ನು ನಾನು ಅಂದಿನಿಂದ ಬಾಯಲ್ಲಿ ಆಡಿಲ್ಲ. ಪಾಠದಲ್ಲಿ ಬಂದರೂ ಹುಡುಗರಿಂದ ಓದಿಸುತ್ತಿದ್ದೆ. ಅವಳ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದೆ.

"ತಪ್ಪು," ಎಂದಳು.

"ಹ್ಯಾಂಗ ತಪ್ಪು? ಎರಡು ಸಲ ಎಣಿಸಿದ್ದೆ."

"ನನ್ನ ಕಂಬಳ್ಯಾಗ ಒಂದಿತ್ತು. ಅದೇ ಸಂಜಿಮುಂದ ಹುಟ್ಟಿದ್ದು, ಇನ್ನ ಹಸಿ ಇತ್ತು, ಬೆಚ್ಚಗ ಇರ್ಲಿ ಅಂತ ಮಡಲಾಗ ಇಟಗೊಂಡಿದ್ದೆ. ಅದನ್ನ ನೀ ಲೆಕ್ಕಕ್ಕ ಹಿಡದಿಲ್ಲ. ಲೆಕ್ಕಾನೇ ತಪ್ಪಿದ್ಮ್ಯಾಲ ದೃಷ್ಟಿ ಹ್ಯಾಂಗ ತಾಗ್ತದ? ಬ್ಯಾನಿ ಬಂದಿತ್ತು, ಬಂತು. ಆ ವರ್ಸ ಸುತ್ತ ಹಳ್ಳ್ಯಾಗೆಲ್ಲ ಬಂದಿತ್ತು."

ನಾನು ಅವಳ ಎದುರಿಗೆ ಸರಿದು ಕೂತೆ.

"ಇದು ನಿನಗ ಅವತ್ತೇ ಗೊತ್ತಿತ್ತಾ?"

"ಅವತ್ತೇ."

"ಮತ್ತ ಇಷ್ಟ ವರ್ಸ ಯಾಕ ಹೇಳಿಲ್ಲ?"

ಅವಳು ಬೇವಿನ ಕಡ್ಡಿ ಮುರಿದು ಹಲ್ಲಿಗೆ ಇಟ್ಟುಕೊಂಡಳು.

"ಆ ಒಂದ್ ಹೆದರಿಕಿ ಇತ್ತಂತ ನೀ ಇಷ್ಟರ ನೆಟ್ಟಗ ಇದ್ದಿ. ಅದೂ ಇಲ್ಲಂದ್ರ ಊರು ಉಳಿಬೇಕಲ್ಲೋ ಅಮೋಘ್ಯಾ."

ಹೆಡ್‌ಮಾಸ್ತರರನ್ನು ಒಂದು ತಾಸು ಮೆಟ್ಟಿಲ ಕೆಳಗೆ ನಿಲ್ಲಿಸಿದೆ ಎಂದು ನಾನು ಮೂರು ತಾಲೂಕಿನಲ್ಲಿ ಹೇಳಿಕೊಂಡು ತಿರುಗಿದವನು. ಇವಳು ನನ್ನನ್ನು ಒಂದು ಜೀವಮಾನ ನಿಲ್ಲಿಸಿದ್ದಳು, ಯಾರಿಗೂ ಹೇಳಿಕೊಂಡಿರಲಿಲ್ಲ.

ಕೆಲವು ತಿಂಗಳ ಮೇಲೆ ಆದೇಶ ಬಂತು. ರೊಕ್ಕ ನನ್ನದಲ್ಲ ಎಂದು ಮುಖವಿಲ್ಲದ ಸಾಹೇಬರು ಒಪ್ಪಿದ್ದರು. ಎಷ್ಟೋ ಸಾವಿರ ಕಾಗದ ನೋಡುವ ಆ ಮನುಷ್ಯ ಕರಿಮೂತಿ, ಬೋಳಿ, ಕುಂಟ ಎಂದು ಓದುವಾಗ ಏನೆಂದುಕೊಂಡರೋ. ಟಗರಿನ ಹೆಸರು ಬಂದಾಗ ನಕ್ಕಿರಬೇಕು ಎಂದು ನನ್ನ ಆಸೆ. ಆದರೆ ಆ ರೊಕ್ಕಕ್ಕೆ ಬ್ಯಾಂಕು ಕೊಟ್ಟ ಬಡ್ಡಿ ಮಾತ್ರ ನನ್ನ ಆದಾಯವಂತೆ. ಬಡ್ಡಿಯನ್ನು ದೇವರ ರೊಕ್ಕದ ಜೊತೆಗೇ ಊರಿಗೆ ಬಿಟ್ಟು, ಅದರ ತೆರಿಗೆಯನ್ನು ಪೆನ್ಶನ್ನಿನಿಂದ ಕಟ್ಟಿದೆ. ಬೀರಪ್ಪನ ಪರವಾಗಿ ಆದಾಯ ತೆರಿಗೆ ಕಟ್ಟಿದ ಮನುಷ್ಯ ಈ ಭಾಗದಲ್ಲಿ ನಾನೊಬ್ಬನೇ ಇರಬೇಕು. ರಸೀದಿ ಇದೆ, ಬಂದರೆ ತೋರಿಸುತ್ತೇನೆ.

ತೊಟ್ಟಿ ಆಯಿತು. ಮೊದಲ ಸಲ ನೀರು ಬಿಟ್ಟ ದಿನ ಊರಿನ ಹಿಂಡುಗಳೆಲ್ಲ ಬಂದವು. ಅವುಗಳ ನಡುವೆ, ಆ ವರ್ಷ ದೇವರಿಗೆ ಹೊಸದಾಗಿ ಬಿಟ್ಟ ತುಂಬು ಕಿವಿಯ ಮರಿಗಳೂ ಇದ್ದವು. ಸಾಲಾಗಿ ನಿಂತು ಮೂತಿ ಇಳಿಸಿ ಕುಡಿಯುತ್ತಿದ್ದವು. ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡು ದೊಡ್ಡ ಮನುಷ್ಯನ ಹಾಗೆ ನಿಂತಿದ್ದೆ. ಅಕ್ಕ ಯಾವಾಗ ಹಿಂದೆ ಬಂದಳೋ.

"ಬೆರಳು ಯಾಕ ಮಡಚ್ಲಾಕತ್ತೀದಿ?"

"ಒಂದು ಬಿಟ್ಟೀನಿ ಅಕ್ಕಾ."

"ಯಾವುದು?"

ತೊಟ್ಟಿಯ ತುದಿಯಲ್ಲಿ, ಬೇರೆ ಕುರಿಗಳ ಕಾಲ ಸಂದಿಯಿಂದ ಮೂತಿ ತೂರಿಸುತ್ತಿದ್ದ ಸಣ್ಣ ಮರಿಯನ್ನು ತೋರಿಸಿದೆ. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ಅದನ್ನು ನೋಡಿದಳು.

"ಹೂಂ," ಎಂದಳು. "ಹಂಗಾರ ಎಣಸು."